ಕಿಟಕಿಯಲ್ಲಿ ಗಣಿಯಾಳು ಒಬ್ಬನೇ

ಆ ವರ್ಷ ಎಲ್ಫ್ರೀಡ ಬೀದಿ ಕಡೆಯ ಕಿಟಕಿಯಲ್ಲಿ ಮೊಮ್ಮಗನ ಹೆಸರಿನ ಗಣಿಯಾಳನ್ನು ಇಟ್ಟಳು. ಮೊಮ್ಮಗಳ ಹೆಸರಿನ ದೇವದೂತೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಮುಚ್ಚಳ ಹಾಕಿದಳು.

ಸ್ಯಾಕ್ಸನಿಯ ಆ ಅದಿರಿನ ಬೆಟ್ಟಗಳಲ್ಲಿ ಮನೆಯಲ್ಲಿ ಎಷ್ಟು ಮಕ್ಕಳೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಬಂತೆಂದರೆ ಕಿಟಕಿ ನೋಡಿದರಾಯಿತು. ಗಂಡುಮಗುವಿಗೊಬ್ಬ ಮರದ ಗಣಿಯಾಳು, ಹೆಣ್ಣುಮಗುವಿಗೊಬ್ಬಳು ಮರದ ದೇವದೂತೆ. ಎರಡು ಕೈಯಲ್ಲಿ ಎರಡು ಮೇಣದ ಬತ್ತಿ. ಹಿಂದೆ ಗಣಿಯಿಂದ ಕತ್ತಲಲ್ಲಿ ಬರುವವನಿಗೆ ದಾರಿ ಕಾಣಲೆಂದು ಇಡುತ್ತಿದ್ದ ದೀಪವಂತೆ. ಆಮೇಲೆ ಗಣಿಗಳು ಮುಚ್ಚಿದವು. ಗೋಡೆ ಬಿದ್ದು, ಎರಡು ಜರ್ಮನಿ ಒಂದಾಗಿ, ಮೂರನೆಯ ಚಳಿಗಾಲ ಬರುವಷ್ಟರಲ್ಲಿ ನೂಲಿನ ಗಿರಣಿಗೂ ಬೀಗ ಬಿತ್ತು. ಕಿಟಕಿಯ ದೀಪ ಮಾತ್ರ ಯಾವ ಮನೆಯಲ್ಲೂ ಆರಲಿಲ್ಲ.

ಒಂಬತ್ತು ವರ್ಷದ ಲಿಯೆನ್ ಅಜ್ಜಿಯ ಪಕ್ಕದಲ್ಲೇ ನಿಂತಿದ್ದಳು. ಮೇಣದ ಬತ್ತಿ ಎತ್ತಿಕೊಡುವ ಕೆಲಸ ಪ್ರತಿವರ್ಷವೂ ಅವಳದು. ಕೈಯಲ್ಲಿ ನಾಲ್ಕು ಬತ್ತಿ ಹಿಡಿದಿದ್ದಳು.

“ಎರಡು ಸಾಕು ಮರಿ,” ಅಂದಳು ಎಲ್ಫ್ರೀಡ.

ಲಿಯೆನ್ ಅಜ್ಜಿಯ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. “ಈ ಸಲ ಎರಡೇನಾ?”

“ಈ ಸಲ ಎರಡೇ.”

ಹುಡುಗಿ ಮಿಕ್ಕ ಎರಡನ್ನು ಕಾಗದದಲ್ಲಿ ಸುತ್ತಿ ಮೇಜಿನ ಡ್ರಾಯರಿಗೆ ಹಾಕಿದಳು. ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಹೇಳೋಣವೆಂದು ಎಲ್ಫ್ರೀಡ ಒಂದು ಮಾತು ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಅದು ಬೇಕಾಗಲೇ ಇಲ್ಲ. ದೇವದೂತೆ ನಿಲ್ಲುತ್ತಿದ್ದ ಜಾಗ ಬಾಯಿತೆರೆದ ಹಾಗೆ ಕಾಣುತ್ತಿತ್ತು. ಹಬ್ಬಕ್ಕೆಂದು ಅದೇ ಕಿಟಕಿಯಲ್ಲಿಡುವ ಮರದ ಕಮಾನಿನ ದೀಪವನ್ನು ಅಲ್ಲಿಗೆ ಸರಿಸಿ ಮುಚ್ಚಿದಳು.

ಆ ದೇವದೂತೆಗೆ ಕಪ್ಪು ಕೂದಲು. ಊರಿನ ಮಿಕ್ಕೆಲ್ಲ ಕಿಟಕಿಗಳ ದೇವದೂತೆಯರಿಗೆ ಹೊಂಬಣ್ಣದ ಕೂದಲಿದ್ದರೆ ಇವಳೊಬ್ಬಳಿಗೆ ಕಪ್ಪು. ಲಿಯೆನ್ ಹುಟ್ಟಿದ ವರ್ಷ ಎಲ್ಫ್ರೀಡಳ ಗಂಡ ಎರ್ವಿನ್ ಹಿತ್ತಲ ಕೊಟ್ಟಿಗೆಯಲ್ಲಿದ್ದ ಮರ ಕಡೆಯುವ ಚರಕಿಯಲ್ಲಿ ಅದನ್ನು ಕಡೆದಿದ್ದ. ಮಗಳು ಗುಡ್ರುನ್ ನೂಲಿನ ಗಿರಣಿಯಲ್ಲಿ ವಿಯೆಟ್ನಾಮಿನಿಂದ ಬಂದ ತುವಾನ್ ಎಂಬ ಹುಡುಗನ ಜೊತೆ ಕೆಲಸ ಮಾಡುತ್ತಿದ್ದವಳು. ಸರ್ಕಾರ ಅವನ ಕೈಯನ್ನು ಕೆಲಸಕ್ಕೆ ಕರೆಸಿಕೊಂಡಿತ್ತೇ ಹೊರತು ಅವನನ್ನಲ್ಲ. ಅವರಿಬ್ಬರ ಮಗು ತೊಟ್ಟಿಲಲ್ಲಿರುವಾಗಲೇ ಅವನನ್ನು ವಿಮಾನ ಹತ್ತಿಸಿ ಕಳಿಸಿಬಿಟ್ಟಿತು. ಬೀದಿ ಗುಸುಗುಸು ಅಂದಿತು. ಎರ್ವಿನ್ ಕುಂಚ ಹಿಡಿದು ದೇವದೂತೆಯ ಕೂದಲಿಗೆ ಕಪ್ಪು ಬಳಿದ, ನೆರೆಯವರೆಲ್ಲ ನೋಡುವಂತೆ ಕಿಟಕಿಯ ನಟ್ಟನಡುವೆ ನಿಲ್ಲಿಸಿದ. ದೇವದೂತೆಗೆ ಎಲ್ಲಾದರೂ ಕಪ್ಪು ಕೂದಲುಂಟೇ ಎಂದು ಕೇಳಿದವರಿಗೆ, “ಸ್ವರ್ಗಕ್ಕೆ ಹೋಗಿ ನೋಡಿ ಬಂದೋರು ಈ ಬೀದೀಲಿ ಯಾರಿದೀರ, ಮುಂದೆ ಬನ್ನಿ,” ಅಂದ. ಯಾರೂ ಬರಲಿಲ್ಲ. ಎರ್ವಿನ್ ಹೋಗಿ ಈಗ ನಾಲ್ಕು ವರ್ಷ. ಗಣಿಯ ಧೂಳು ಅವನ ಎದೆಯಲ್ಲಿ ತುಂಬಿತ್ತು.

ಅವನಿದ್ದಿದ್ದರೆ, ಕಿಟಕಿಯಲ್ಲಿ ಬೊಂಬೆ ಇಡುವ ಮುಂಚಿನ ಗುರುವಾರ, ಊಟದ ಮೇಜಿನಲ್ಲಿ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಅಂದು ಬೇಯಿಸಿದ ಆಲೂಗಡ್ಡೆ, ಗಟ್ಟಿ ಮೊಸರು, ಮೇಲೆ ಅಗಸೆ ಎಣ್ಣೆ. ಲಿಯೆನ್ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಮೇಜಿನ ಸುತ್ತ ಎಲ್ಫ್ರೀಡ, ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಮಗ ಲೋಥರ್, ಅವನ ಮಗ ಹದಿನಾರರ ಹೈಕೊ. ಲೋಥರನ ಹೆಂಡತಿ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದವಳು, ತಿರುಗಿ ಬಂದಿರಲಿಲ್ಲ.

“ಅಜ್ಜಿ, ಈ ಸಲ ಆ ಕರಿಕೂದಲಿಂದು ಕಿಟಕೀಲಿ ಇಡಬೇಡ,” ಅಂದ ಹೈಕೊ.

“ಯಾಕೋ?”

“ಹುಡುಗ್ರು ದಿನಾ ಸಂಜೆ ಇದೇ ಬೀದೀಲಿ ಬಸ್‌ಸ್ಟಾಪಿಗೆ ಹೋಗ್ತಾರೆ.”

“ಯಾವ ಹುಡುಗ್ರು?”

“ನಮ್ಮ ಹುಡುಗ್ರು.”

ನಮ್ಮ ಹುಡುಗರೆಂದರೆ ಯಾರೆಂದು ಎಲ್ಫ್ರೀಡಳಿಗೆ ಗೊತ್ತಿತ್ತು. ತಲೆ ಬೋಳಿಸಿಕೊಂಡು, ಮೊಣಕಾಲಿನವರೆಗೆ ಬೂಟು ಕಟ್ಟಿಕೊಂಡು ತಿರುಗುವವರು. ಹಿಂದಿನ ವಾರ ಸಂತೆಯಲ್ಲಿ ಸ್ವೆಟರ್ ಮಾರುತ್ತಿದ್ದ ವಿಯೆಟ್ನಾಮೀ ಗಂಡ ಹೆಂಡತಿಯ ಅಂಗಡಿಯನ್ನು ಮಗುಚಿ ಹಾಕಿದವರು. ಆ ಬೇಸಿಗೆಯಲ್ಲಿ ಉತ್ತರದ ಕಡಲತೀರದ ಊರೊಂದರಲ್ಲಿ ವಿಯೆಟ್ನಾಮಿಗಳಿದ್ದ ಕಟ್ಟಡಕ್ಕೆ ಇಂಥವರೇ ಬೆಂಕಿಯಿಟ್ಟಿದ್ದರು. ಕೆಳಗೆ ನಿಂತ ಜನ ಚಪ್ಪಾಳೆ ಹೊಡೆದಿದ್ದರು. ಟಿವಿಯಲ್ಲಿ ಇದನ್ನು ಮನೆಮಂದಿಯೆಲ್ಲ ಕೂತು ನೋಡಿದ್ದರು. ಲಿಯೆನ್ ಕೂಡ.

“ನಿನ್ನ ಜೊತೆಯವರೇ ತಾನೆ? ಕಲ್ಲು ಹೊಡೀಬೇಡ್ರೋ ಅಂತ ಹೇಳೋಕೆ ನಿಂಗೆ ಬಾಯಿಲ್ವಾ?”

ಹೈಕೊ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಕೂತ. “ನಾನು ಹೇಳೋದು ಹೇಳಿದೀನಿ. ಆಮೇಲೆ ನನ್ನ ಕೇಳಬೇಡ.”

“ಗಾಜು ಒಡೆದ್ರೆ ಹಾಕಿಸೋದು ಯಾರಮ್ಮ?” ಅಂದ ಲೋಥರ್. “ಒಂದು ವರ್ಷ ಇಡ್ದೇ ಇದ್ರೆ ಆಕಾಶ ಏನೂ ಕಳಚಿ ಬೀಳಲ್ಲ. ಮಗು ಒಳ್ಳೇದಕ್ಕೇ ಅಲ್ವಾ?”

ಮಗುವಿನ ಒಳ್ಳೆಯದಕ್ಕೆ. ಈ ಮಾತು ಕೈಗೆ ಸಿಕ್ಕ ಕೂಡಲೇ ಎಲ್ಫ್ರೀಡ ಅದನ್ನು ಸೆರಗಿನಂತೆ ಮುಖದ ಮೇಲೆ ಎಳೆದುಕೊಂಡಳು. ಹುಟ್ಟಿದ ಮನೆಯಲ್ಲಿ ಒಂದು ಮಗುವನ್ನು ಇಲ್ಲವೆನಿಸುವುದಕ್ಕೆ ಕಾನೂನು ಬೇಕಿಲ್ಲ, ಬೋಳುತಲೆಯವರ ದಂಡೂ ಬೇಕಿಲ್ಲ. ಆಲೂಗಡ್ಡೆ ಸುಲಿಯುವ ಮೂರು ಜನ ಸಾಕು.

ಗುಡ್ರುನ್ ಮನೆಯಲ್ಲಿರುತ್ತಿದ್ದುದು ವಾರಕ್ಕೊಂದು ದಿನ. ಗಿರಣಿ ಮುಚ್ಚಿದ ಮೇಲೆ ಬೆಟ್ಟದ ಮೇಲಿನ ವಸತಿಗೃಹವೊಂದರಲ್ಲಿ ಕೋಣೆ ಗುಡಿಸುವ ಕೆಲಸ ಸಿಕ್ಕಿತ್ತು. ಹಿಮದ ಮೇಲೆ ಜಾರಲು ಪಶ್ಚಿಮದವರು ಬರುವ ಕಾಲದಲ್ಲಿ ಅಲ್ಲೇ ಮಲಗಬೇಕು. ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಬಂದರೆ ಬುಧವಾರ ನಸುಕಿಗೆ ಹೊರಟುಬಿಡುವಳು. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ, ಎಲ್ಫ್ರೀಡಳ ಪಿಂಚಣಿಯಿಂದ.

ಆ ಮಂಗಳವಾರ ಬಂದವಳು ಬೂಟಿನ ಹಿಮ ಕೊಡವುತ್ತ ಹೊಸಿಲಲ್ಲೇ ಕೇಳಿದಳು: “ಅಮ್ಮ, ಲಿಯೆನ್‌ದು ಎಲ್ಲಿ? ಕಿಟಕೀಲಿಲ್ಲ.”

ಎಲ್ಫ್ರೀಡ ಒಲೆಯ ಕಡೆ ತಿರುಗಿದಳು. “ರೆಕ್ಕೆ ಸಡಿಲ ಆಗಿತ್ತು ಕಣೆ. ಅಂಟು ಹಾಕಿ ಅಟ್ಟದ ಮೇಲೆ ಒಣಗೋಕೆ ಇಟ್ಟಿದೀನಿ.”

“ಹೌದಾ. ಎಷ್ಟು ದಿನ ಬೇಕಂತೆ ಒಣಗೋಕೆ?”

“ಚಳಿ ನೋಡು. ನಿಧಾನ.”

ಗುಡ್ರುನ್ ನಂಬಿದಳು. ಹೊತ್ತು ಹುಟ್ಟುವ ಮುಂಚಿನಿಂದ ಬೇರೆಯವರ ಹಾಸಿಗೆ ಮಡಚಿ ದಣಿದವಳು. ಅಮ್ಮನನ್ನು ನಂಬದೆ ಇರುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ವಸತಿಗೃಹದ ಅಡುಗೆಮನೆಯಿಂದ ತಂದ ಬಾತುಕೋಳಿಯ ತೊಡೆಯನ್ನು ಬಿಸಿ ಮಾಡಿ ಎಲ್ಲರಿಗೂ ಹಂಚಿದಳು. ಎಲ್ಫ್ರೀಡ ತನ್ನ ಪಾಲನ್ನು ಲಿಯೆನ್ ತಟ್ಟೆಗೆ ಹಾಕಿದಳು.

“ನಂಗೆ ಸಾಕು ಅಜ್ಜಿ.”

“ತಿನ್ನು, ಬೆಳೆಯೋ ಮಗು.”

ಲಿಯೆನ್ ಅದನ್ನು ಮುಳ್ಳುಚಮಚದಿಂದ ತಟ್ಟೆಯ ಅಂಚಿಗೆ ಸರಿಸಿದಳು. ಊಟ ಮುಗಿದಾಗಲೂ ಅದು ಅಲ್ಲೇ ಇತ್ತು.

ಆ ವಾರ ಕ್ರಿಸ್ಮಸ್ ರೊಟ್ಟಿ ಸ್ಟೊಲನ್ ಬೇಯಿಸಲು ಅವರ ಮನೆಯ ಪಾಳಿ. ಒಣದ್ರಾಕ್ಷಿ, ಬಾದಾಮಿ, ಬೆಣ್ಣೆ ಎಲ್ಲವನ್ನೂ ಮನೆಯಿಂದಲೇ ಬೇಕರಿಗೆ ಒಯ್ದು, ಕಣ್ಣೆದುರೇ ಹಿಟ್ಟು ನಾದಿಸಿ, ಬೆಂದ ಉದ್ದನೆಯ ರೊಟ್ಟಿಗಳನ್ನು ಹಲಗೆಯ ಮೇಲಿಟ್ಟು ಹುಷಾರಾಗಿ ಮನೆಗೆ ತರುವುದು ರೂಢಿ. ದಾರಿಯಲ್ಲಿ ಸ್ಟೊಲನ್ ಮುರಿದರೆ ಆ ವರ್ಷ ಮನೆಯಲ್ಲೊಂದು ಜೀವ ಹೋಗುತ್ತದೆಂದು ಎಲ್ಫ್ರೀಡ ಚಿಕ್ಕಂದಿನಿಂದ ನಂಬಿದವಳು. ಪ್ರತಿವರ್ಷ ಹಲಗೆಯ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಲಿಯೆನ್. ಈ ವರ್ಷ ಎಲ್ಫ್ರೀಡ ಹೈಕೊನನ್ನು ಕರೆದುಕೊಂಡು ಹೋದಳು. ಮಗುವಿಗೆ ಚಳಿಯಾಗುತ್ತದೆ ಅಂದಳು.

ಬೇಕರಿಯಲ್ಲಿ ಮೇಲಿನ ಕೇರಿಯ ವೈಗೆಲಮ್ಮ ಸಿಕ್ಕಳು. ಕಾಲು ನೋವಿನವಳು, ಬೆಟ್ಟ ಇಳಿದು ಬರುವುದು ಸ್ಟೊಲನ್ನಿಗೆ ಮಾತ್ರ.

“ಎಲ್ಫ್ರೀಡಮ್ಮ, ನಿಮ್ಮ ಕಿಟಕಿ ನೋಡ್ಕೊಂಡೇ ಬಂದೆ. ಗಣಿಯಾಳು ಒಬ್ಬನೇ ನಿಂತವ್ನೆ. ಗುಡ್ರುನ್ ಮಗೂನ ಕರ್ಕೊಂಡು ಪಶ್ಚಿಮಕ್ಕೆ ಹೋದ್ಲಾ?”

ಹೈಕೊ ಚಾವಣಿ ನೋಡಿದ. ಬೇಕರಿಯವನು ಸಕ್ಕರೆಪುಡಿ ಉದುರಿಸುತ್ತಿದ್ದ ಜರಡಿಯನ್ನು ಹಾಗೇ ಹಿಡಿದು ನಿಂತ. ಇಲ್ಲ ಅನ್ನಲು ಒಂದು ಉಸಿರು ಸಾಕಿತ್ತು.

“ಹೂಂ,” ಅಂದಳು ಎಲ್ಫ್ರೀಡ.

“ಒಳ್ಳೇದಾಯ್ತು ಬಿಡಿ. ಅಲ್ಲಿ ಎಲ್ಲಾ ಥರದೋರೂ ಇರ್ತಾರೆ. ಮಗೂಗೂ ನೆಮ್ಮದಿ.”

ಮನೆಗೆ ಬರುವಾಗ ಎಲ್ಫ್ರೀಡ ಹಿಡಿದ ತುದಿಯಲ್ಲಿ ಹಲಗೆ ಓಲಾಡಿತು. “ನೆಟ್ಟಗೆ ಹಿಡ್ಕೊ ಅಜ್ಜಿ,” ಅಂದ ಹೈಕೊ, “ಮುರಿದ್ರೆ ಆಮೇಲೆ ನೀನೇ ಅಳ್ತೀಯ.” ಸ್ಟೊಲನ್ ಮುರಿಯಲಿಲ್ಲ. ಒಂದೂ ಬಿರುಕು ಬಿಡದೆ ಮನೆ ಸೇರಿತು. ಎಲ್ಫ್ರೀಡ ಅದನ್ನು ಬಟ್ಟೆ ಸುತ್ತಿ ನೆಲಮಾಳಿಗೆಯಲ್ಲಿ ಇಟ್ಟು, ಅಲ್ಲೇ ಕಲ್ಲಿದ್ದಲ ಬುಟ್ಟಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದಳು.

ಸಂತ ನಿಕೊಲಾಸನ ಹಬ್ಬದ ಹಿಂದಿನ ಸಂಜೆ ಮಕ್ಕಳು ಬೂಟು ಒರೆಸಿ ಬಾಗಿಲಾಚೆಯ ಮೆಟ್ಟಿಲ ಮೇಲೆ ಇಡಬೇಕು. ಬೆಳಗಾಗುವಷ್ಟರಲ್ಲಿ ಅದರಲ್ಲಿ ಕಿತ್ತಳೆ, ಅಕ್ರೋಟು, ಚಾಕಲೇಟು ತುಂಬಿರುತ್ತದೆ. ಹೈಕೊ ವಯಸ್ಸು ಮೀರಿದ್ದರೂ ಚಾಕಲೇಟಿನ ಆಸೆಗೆ ತನ್ನ ದೊಡ್ಡ ಬೂಟನ್ನು ಹೊರಗಿಟ್ಟಿದ್ದ. ಪಕ್ಕದಲ್ಲಿ ಲಿಯೆನ್ ಬೂಟು ಇರಲಿಲ್ಲ. ಎಲ್ಫ್ರೀಡ ಹುಡುಕಿಕೊಂಡು ಹೋದರೆ ಅದು ಮಗುವಿನ ಕೋಣೆಯೊಳಗೆ, ಮಂಚದ ಕೆಳಗಿತ್ತು. ಮುಖ ಕಾಣುವಷ್ಟು ಹೊಳೆಯುತ್ತಿತ್ತು.

“ಇಲ್ಯಾಕೆ ಇಟ್ಟೆ ಮರಿ? ಮೆಟ್ಟಿಲ ಮೇಲೆ ಇಡಬೇಕಲ್ವಾ?”

ಲಿಯೆನ್ ಕಂಬಳಿಯೊಳಗಿಂದ ಹೇಳಿದಳು: “ಹೊರಗಿದ್ರೆ ಎಣಿಸ್ತಾರೆ ಅಜ್ಜಿ.”

“ಯಾರು?”

“ದಾರೀಲಿ ಹೋಗೋರು. ಕಿಟಕೀಲಿ ಒಂದು, ಮೆಟ್ಟಿಲ ಮೇಲೆ ಎರಡು ಅಂದ್ರೆ ಗೊತ್ತಾಗಿಬಿಡುತ್ತೆ.”

ಎಲ್ಫ್ರೀಡ ಮಂಚದ ಅಂಚಿನಲ್ಲಿ ಕೂತಳು. ಏನಾದರೂ ಹೇಳಬೇಕಿತ್ತು. “ನಿಕೊಲಾಸನಿಗೆ ಒಳಗಿರೋದೂ ಕಾಣುತ್ತೆ,” ಅಂದಳು.

“ಗೊತ್ತು. ನೀನೇ ತಾನೆ ಹಾಕೋದು,” ಅಂದಳು ಲಿಯೆನ್. ಅವಳ ದನಿಯಲ್ಲಿ ಕೋಪವಿರಲಿಲ್ಲ. ಹೇಳಿಕೊಟ್ಟ ಪಾಠವನ್ನು ಚೆನ್ನಾಗಿ ಕಲಿತ ಮಗುವಿನ ದನಿ ಅದು.

ಮರುದಿನದಿಂದ ಹುಡುಗಿ ಶಾಲೆಗೆ ಹಿತ್ತಲ ಬಾಗಿಲಿಂದ, ಹೊಳೆಯ ಬದಿಯ ಓಣಿ ಹಿಡಿದು ಹೋಗತೊಡಗಿದಳು. ಬೀದಿಯ ಕಡೆಯ ಕೋಣೆಯಲ್ಲಿ ದೀಪ ಹಾಕಿದರೆ ಅವಳೇ ಎದ್ದು ಪರದೆ ಎಳೆಯುವಳು. ಚರ್ಚಿನ ಹಾಡಿಗೆ ಹೋಗಲಿಲ್ಲ. ಗಂಟಲು ನೋವು ಅಂದಳು. ಎಲ್ಫ್ರೀಡ ಜೇನು ಹಾಕಿದ ಬಿಸಿ ಹಾಲು ಮಾಡಿಕೊಟ್ಟಳು. ಹುಡುಗಿ ಕುಡಿದಳು, ಉಪಕಾರವಾಯ್ತು ಅಜ್ಜಿ ಅಂದಳು. ಆ ಮನೆಯಲ್ಲಿ ಅಜ್ಜಿಗೆ ಉಪಕಾರ ಹೇಳುವ ಪದ್ಧತಿ ಇರಲಿಲ್ಲ.

ಎರಡನೆಯ ಮಂಗಳವಾರ ಗುಡ್ರುನ್ ಬಂದದ್ದು ಬಿರುಗಾಳಿಯ ಹಾಗೆ. ಕೋಟು ಕೂಡ ಬಿಚ್ಚಲಿಲ್ಲ.

“ಬಸ್ಸಲ್ಲಿ ವೈಗೆಲಮ್ಮನ ಸೊಸೆ ಸಿಕ್ಕಿದ್ಲು. ಪಶ್ಚಿಮದಿಂದ ಯಾವಾಗ ಬಂದೆ, ಮಗೂನ ಅಲ್ಲೇ ಬಿಟ್ಟು ಬಂದ್ಯಾ ಅಂತ ಕೇಳ್ತಾಳೆ. ಯಾರು ಹೇಳಿದ್ದು ಅಂದ್ರೆ, ನಿಮ್ಮಮ್ಮನೇ ಬೇಕರೀಲಿ ಹೇಳಿದ್ರಂತೆ ಅಂತಾಳೆ. ಹೇಳಿದ್ಯಾ?”

“ಆ ವೈಗೆಲಮ್ಮಂಗೆ ಕಿವಿ ಮಂದ,” ಅಂದಳು ಎಲ್ಫ್ರೀಡ.

“ನಿನ್ನ ಬಾಯಿ ಮಂದ ಅಲ್ಲ ತಾನೆ. ದೇವದೂತೆ ಎಲ್ಲಿ? ಅಂಟು ಇನ್ನೂ ಒಣಗಿಲ್ವಾ?”

“ಅಟ್ಟದ ಮೇಲಿದೆ ಅಂದ್ನಲ್ಲ.”

“ನಾನೇ ತರ್ತೀನಿ.”

“ಬೇಡ, ಬೇಡ. ಮೆಟ್ಟಿಲು ಸರಿಯಿಲ್ಲ. ನಾನೇ ತರ್ತೀನಿ, ನೀನು ಕೋಟು ಬಿಚ್ಚು.”

ಎಪ್ಪತ್ತು ಸಮೀಪಿಸಿದ ಹೆಂಗಸು ಹುಡುಗಿಯ ಹಾಗೆ ಅಟ್ಟ ಹತ್ತಿದಳು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಮರದ ಹೊಟ್ಟಿನ ನಡುವೆ ದೇವದೂತೆ ಮಲಗಿತ್ತು, ಎರ್ವಿನ್ ಬಳಿದ ಕಪ್ಪು ಇನ್ನೂ ಮಿರಿಮಿರಿ ಮಿಂಚುತ್ತ. ಎರಡೂ ರೆಕ್ಕೆ ಗಟ್ಟಿ. ಎಲ್ಲೂ ಅಂಟಿನ ಕಲೆಯಿಲ್ಲ. ಕೆಳಗೆ ಗುಡ್ರುನ್‌ಳ ಬೂಟಿನ ಸದ್ದು ಅತ್ತಿತ್ತ ಓಡಾಡುತ್ತಿತ್ತು. ಎಲ್ಫ್ರೀಡ ಬೊಂಬೆಯನ್ನು ಎದೆಗೊತ್ತಿ ಹಿಡಿದು, ಎಡಗಡೆಯ ರೆಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಒಂದು ಸಲಕ್ಕೆ ಬರಲಿಲ್ಲ. ಗಂಡ ಗಟ್ಟಿಯಾಗಿಯೇ ಮಾಡಿದ್ದ. ಎರಡನೆಯ ಸಲ ಮೊಣಕಾಲಿಗೆ ಆನಿಸಿ ಒತ್ತಿದಾಗ ಪಟ್ಟನೆ ಮುರಿಯಿತು.

ತಿರುಗಿದರೆ ಲಿಯೆನ್. ಅಟ್ಟದ ಮೂಲೆಯಲ್ಲಿ, ಹಳೆಯ ಹಾಸಿಗೆಯ ಸುರುಳಿಗೆ ಒರಗಿ, ತೊಡೆಯ ಮೇಲೆ ಶಾಲೆಯ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಬೀದಿಗೆ ಕಿಟಕಿಯಿಲ್ಲದ ಜಾಗ ಮನೆಯಲ್ಲಿ ಅದೊಂದೇ.

ಅಜ್ಜಿಯ ಕೈಯಲ್ಲಿ ಬೊಂಬೆ ಒಂದು ಕಡೆ, ರೆಕ್ಕೆ ಒಂದು ಕಡೆ.

“ಲಿಯೆನ್,” ಅಂದಳು.

“ಅಮ್ಮ ಕರೀತಿದಾಳೆ,” ಅಂದಳು ಹುಡುಗಿ. ಪುಸ್ತಕ ಮುಚ್ಚಿ ಅಜ್ಜಿಗಿಂತ ಮುಂಚೆ ಇಳಿದಳು.

ಗುಡ್ರುನ್ ಮುರಿದ ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಂಟು ಹಾಕಿದೀನಿ ಅಂದೆ. ಎಲ್ಲಮ್ಮ ಅಂಟು? ಇದು ಹಸೀ ಮುರಿದ ಹಾಗಿದೆ.”

ಎಲ್ಫ್ರೀಡ ಬಾಯಿ ತೆರೆಯುವ ಮುಂಚೆ ಲಿಯೆನ್ ಹೇಳಿದಳು: “ಮುಂಚೆನೇ ಮುರಿದಿತ್ತಮ್ಮ. ನಾನು ನೋಡಿದೀನಿ. ಅಂಟು ಹಿಡೀಲಿಲ್ಲ.”

“ನಿಜವಾ?”

“ನಿಜ.”

ಗುಡ್ರುನ್ ಮಗಳ ಮುಖವನ್ನೇ ಒಂದು ಗಳಿಗೆ ನೋಡಿ, ಬೊಂಬೆಯನ್ನು ಕೈಚೀಲಕ್ಕೆ ಹಾಕಿದಳು. “ನಾನು ಕೆಲಸ ಮಾಡೋ ಕಡೆ ಬಡಗಿ ಒಬ್ಬರಿದಾರೆ. ಅವರ ಹತ್ರ ಮಾಡಿಸ್ಕೊಂಡು ಕ್ರಿಸ್ಮಸ್ ಸಂಜೆ ತರ್ತೀನಿ.” ಆಮೇಲೆ ಲೋಥರನ ಕಡೆ ತಿರುಗಿದಳು. “ನೀನು ಎರಡು ವಾರದಿಂದ ಈ ಕಿಟಕಿ ಮುಂದೆನೇ ಕೂತು ಪೇಪರ್ ಓದ್ತಿದೀಯ. ನಿಂಗೂ ಏನೂ ಕಾಣ್ಲಿಲ್ವಾ?”

“ನನ್ನ ಯಾಕೆ ಎಳೀತೀಯ ಇದಕ್ಕೆ?”

“ತಟ್ಟೆ ಮುಂದಕ್ಕೆ ಎಳ್ಕೊಳೋವಾಗ ನಾನು ಬೇಕು. ನನ್ನ ಮಗಳು ಕಿಟಕೀಲಿ ಕಾಣೋದು ಬೇಡ.”

“ಊಟದ ಮಾತು ಆಡ್ಬೇಡ ಗುಡ್ರುನ್. ಕೆಲಸ ನಾನು ಬಿಟ್ಟಿದ್ದಲ್ಲ, ಕೆಲಸ ನನ್ನ ಬಿಟ್ಟಿದ್ದು. ಇವನೂ ಸುಮ್ಮನೆ ಹೇಳಿದ್ದಲ್ಲ. ಹೊರಗೆ ಹೇಗಿದೆ ಕಾಲ ಅಂತ—”

“ಇವನು ಹೇಳಿದ್ದಾ?” ಗುಡ್ರುನ್ ಹೈಕೊನ ಕಡೆ ನೋಡಿದಳು. ಹೈಕೊ ಬೂಟಿನ ದಾರ ಕಟ್ಟುತ್ತ ಬಗ್ಗಿದ. “ಎತ್ತಿ ಆಡಿಸಿದೀಯಲ್ಲೋ ಅವಳನ್ನ. ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲಾ ತಿರುಗಿದೀಯ.”

“ನಾನು ಅವಳಿಗೆ ಏನೂ ಮಾಡಿಲ್ಲ ಅತ್ತೆ.”

“ಅದೇ ಕಣೋ. ನೀನೂ ಏನೂ ಮಾಡಿಲ್ಲ, ನಿಮ್ಮಪ್ಪನೂ ಏನೂ ಮಾಡಿಲ್ಲ. ಕ್ರಿಸ್ಮಸ್ ಸಂಜೆ ಮೇಜಿನ ಮೇಲೆ ಗೊತ್ತುಗುರಿ ಇಲ್ಲದ ಅತಿಥಿಗೆ ಅಂತ ಒಂದು ತಟ್ಟೆ ಜಾಸ್ತಿ ಇಡ್ತೀಯಲ್ಲಮ್ಮ, ಯಾಕೆ? ಯಾರೋ ಬರದೇ ಇರೋನಿಗೆ ತಟ್ಟೆ. ಮನೇಲಿ ಹುಟ್ಟಿದ ಮಗೂಗೆ ಅಟ್ಟ.”

ಅಟ್ಟ ಎಂಬ ಮಾತಿಗೆ ಎಲ್ಫ್ರೀಡ ಬೆಚ್ಚಿ ಲಿಯೆನ್ ಕಡೆ ನೋಡಿದಳು. ಲಿಯೆನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು, ಅಂಚಿನಿಂದ ಅಂಚಿಗೆ, ಬಹಳ ಜಾಗ್ರತೆಯಿಂದ.

ಗುಡ್ರುನ್ ಹೋದ ಮೇಲೆ ಒಂದು ಸಂಜೆ ಎಲ್ಫ್ರೀಡ ಸೌದೆ ಒಡೆಯುತ್ತಿದ್ದ ಹೈಕೊನ ಬಳಿಗೆ ಹೋದಳು.

“ನಿನ್ನ ಮಾತು ಕೇಳಿ ಕೆಟ್ಟೆ ಕಣೋ.”

ಹೈಕೊ ಕೊಡಲಿ ಇಳಿಸಿದ. “ನಾನು ಹೇಳ್ದೆ ಅಷ್ಟೆ. ಪೆಟ್ಟಿಗೆ ಮುಚ್ಚಿದ್ದು ನೀನು.” ಒಡೆದ ಸೌದೆ ಆಯುತ್ತ, ತಲೆಯೆತ್ತದೆ, “ಅವಳು ಹೊಳೆ ದಾರೀಲಿ ಹೋಗ್ತಾಳೆ ಅಜ್ಜಿ. ಅಲ್ಲಿ ಮಂಜು ಕಟ್ಟಿ ಜಾರುತ್ತೆ. ನಿನ್ನೆ ನಾನು ಬೂದಿ ಚೆಲ್ಲಿ ಬಂದೆ,” ಅಂದ.

“ಅವಳ ಜೊತೆ ಬೀದೀಲೇ ನಡ್ಕೊಂಡು ಹೋಗೋಕೆ ಆಗಲ್ವಾ?”

ಹೈಕೊ ಮತ್ತೆ ಕೊಡಲಿ ಎತ್ತಿದ.

ಎಲ್ಫ್ರೀಡ ಆ ದಿನಗಳಲ್ಲಿ ಲಿಯೆನ್‌ಳಿಗೆ ನೂಲಿನ ಹೊಸ ಕೈಗವಸು ಹೆಣೆದಳು, ಮೆಣಸು ಬಿಸ್ಕತ್ತಿನ ಮೊದಲ ತಟ್ಟೆಯನ್ನು ಅವಳಿಗೇ ಕೊಟ್ಟಳು, ಬಾಯಿಂದ ಹೊಗೆ ಬಿಡುವ ಮರದ ಮುದುಕನೊಳಗೆ ಧೂಪದ ಗುಳಿಗೆ ಹಚ್ಚುವ ಕೆಲಸವನ್ನು ಯಾರಿಗೂ ಬಿಡದೆ ಅವಳಿಗಾಗಿ ಕಾದಿಟ್ಟಳು. ಹುಡುಗಿ ಹೇಳಿದ್ದನ್ನೆಲ್ಲ ಮಾಡಿದಳು. ಪಾತ್ರೆ ಒರೆಸಿದಳು, ಕಲ್ಲಿದ್ದಲು ತಂದಳು. ಅಟ್ಟದ ಮಾತು ಎತ್ತಲಿಲ್ಲ. ಎತ್ತಿದ್ದರೆ ಎಲ್ಫ್ರೀಡ ಅವಳ ಮುಂದೆ ಅತ್ತುಬಿಡುತ್ತಿದ್ದಳು. ಆ ಸುಲಭದ ದಾರಿಯನ್ನು ಹುಡುಗಿ ಅವಳಿಗೆ ಕೊಡಲಿಲ್ಲ.

ಕ್ರಿಸ್ಮಸ್ ಸಂಜೆ ಒಂಬತ್ತು ಬಗೆಯ ಊಟ. ಮೇಜುಬಟ್ಟೆಯ ಕೆಳಗೆ ಹುಲ್ಲು ಹರಡಿ, ಮೇಲೆ ಹುರಿದ ಸಾಸೇಜು, ಹುಳಿಸಿದ ಎಲೆಕೋಸು, ಹೆಬ್ಬಾತಿನ ಮಾಂಸ, ಆಲೂಗಡ್ಡೆ ಕಡುಬು, ತೊಗರಿಯಷ್ಟು ಸಣ್ಣ ಕಂದು ಬೇಳೆ, ಬೀಟ್‌ರೂಟು, ಅಣಬೆ, ಹಾಲಲ್ಲಿ ನೆನೆಸಿದ ಬ್ರೆಡ್ಡು, ಕೊನೆಗೆ ಬೇಯಿಸಿದ ಪ್ಲಮ್ ಹಣ್ಣು. ಎಲ್ಲವನ್ನೂ ಕೈಗೆಟುಕುವಂತೆ ಮೊದಲೇ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಯಾಕೆಂದರೆ ಕೂತ ಮೇಲೆ ಊಟ ಮುಗಿಯುವ ತನಕ ಯಾರೂ ಏಳಕೂಡದು. ಎದ್ದವರು ಮುಂದಿನ ಕ್ರಿಸ್ಮಸ್ಸಿಗೆ ಆ ಮೇಜಿನಲ್ಲಿರುವುದಿಲ್ಲ. ಎಲ್ಫ್ರೀಡ ಇದನ್ನು ಮಕ್ಕಳಿಗೆ ಹೇಳಿದ್ದಳು, ಮೊಮ್ಮಕ್ಕಳಿಗೆ ಹೇಳಿದ್ದಳು. ಲಿಯೆನ್ ಮೂರು ವರ್ಷದವಳಿದ್ದಾಗ ಉಚ್ಚೆ ಬಂತೆಂದು ಅತ್ತರೂ ಕುರ್ಚಿಯಿಂದ ಇಳಿಸಿರಲಿಲ್ಲ.

ಚರ್ಚಿನ ಗಂಟೆ ಹೊಡೆಯುತ್ತಿದ್ದಾಗ ಗುಡ್ರುನ್ ಓಡಿಬಂದು ಕೂತಳು. ವಸತಿಗೃಹದ ಕರವಸ್ತ್ರದಲ್ಲಿ ಸುತ್ತಿದ ಗಂಟೊಂದನ್ನು ಲಿಯೆನ್ ತಟ್ಟೆಯ ಪಕ್ಕ ಇಟ್ಟಳು. “ಸರಿ ಮಾಡಿಸ್ದೆ ಮರಿ. ಊಟ ಆದ್ಮೇಲೆ ಇಡೋಣ.” ಲಿಯೆನ್ ಗಂಟು ಬಿಚ್ಚಲಿಲ್ಲ. ಅವಳ ಎದುರಿಗೆ ಆ ಅತಿಥಿಯ ತಟ್ಟೆ, ಖಾಲಿ. ಕಿಟಕಿಯಲ್ಲಿ ಗಣಿಯಾಳಿನ ಎರಡು ಬತ್ತಿ ಉರಿಯುತ್ತಿತ್ತು.

ಎಲ್ಫ್ರೀಡ ಪ್ರಾರ್ಥನೆ ಹೇಳಿದಳು. ಸಾಸೇಜು ಹಂಚಿದರು, ಎಲೆಕೋಸು ಹಂಚಿದರು. ಲೋಥರ್ ಕಡುಬಿನ ಗಾತ್ರವನ್ನು ಹೊಗಳಿದ. ಬೇಳೆಯ ಬಟ್ಟಲು ಬರುವ ಹೊತ್ತಿಗೆ ಎಲ್ಫ್ರೀಡಳ ತಟ್ಟೆ ಹಾಗೇ ಇತ್ತು.

“ತಿನ್ನಮ್ಮ,” ಅಂದ ಲೋಥರ್, “ಬೇಳೆ ತಿಂದ್ರೆ ವರ್ಷವೆಲ್ಲಾ ಜೇಬಲ್ಲಿ ಚಿಲ್ಲರೆ ಅಂತ ನೀನೇ ಅಂತೀಯ. ನನಗಂತೂ ಬೇಕಪ್ಪ.”

“ರೆಕ್ಕೆ ನಾನೇ ಮುರಿದಿದ್ದು,” ಅಂದಳು ಎಲ್ಫ್ರೀಡ.

ಗುಡ್ರುನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು.

“ಸಡಿಲ ಆಗಿರ್ಲಿಲ್ಲ. ಅಂಟೂ ಹಾಕಿರ್ಲಿಲ್ಲ. ಸುಳ್ಳು ಹೇಳಿದ್ದೆ. ನೀನು ಕೇಳಿದಾಗ ಅದನ್ನ ನಿಜ ಮಾಡೋಕೆ ಅಂತ ಮೊಣಕಾಲಿಗೆ ಆನಿಸಿ ಮುರಿದೆ. ವೈಗೆಲಮ್ಮಂಗೂ ನಾನೇ ಹೂಂ ಅಂದೆ.”

ಗುಡ್ರುನ್ ನಿಧಾನವಾಗಿ ಮಗಳ ಕಡೆ ತಿರುಗಿದಳು. “ನೀನು ನೋಡಿದೀನಿ ಅಂದೆ.”

“ನೋಡಿದಾಳೆ,” ಅಂದಳು ಎಲ್ಫ್ರೀಡ. “ನಾನು ಮುರಿಯೋದನ್ನೇ ನೋಡಿದಾಳೆ. ನನ್ನ ಉಳಿಸೋಕೆ ನಿಂಗೆ ಸುಳ್ಳು ಹೇಳಿದ್ಲು.”

“ಆಯ್ತಲ್ಲಮ್ಮ, ಹೇಳಿದೆಯಲ್ಲ,” ಅಂದ ಲೋಥರ್. “ಹಬ್ಬದ ದಿನ ಯಾಕೆ ಇದೆಲ್ಲ. ಊಟ ಮಾಡು.”

ಎಲ್ಫ್ರೀಡ ಎರಡೂ ಕೈಯನ್ನು ಮೇಜಿಗೆ ಊರಿ ಎದ್ದಳು.

“ಅಮ್ಮ, ಕೂತ್ಕೋ,” ಅಂದ ಲೋಥರ್. ಅವನ ಮುಖ ನಿಜವಾಗಿಯೂ ಬಿಳಿಚಿತು. “ಊಟದ ನಡುವೆ ಏಳ್ತೀಯಲ್ಲ. ಕೂತ್ಕೋ ಅಂದೆ.”

ಅವಳು ಕೂರಲಿಲ್ಲ. ಮೇಜಿನ ಸುತ್ತ ನಡೆದು ಬಂದು, ಲಿಯೆನ್ ಪಕ್ಕದ ಗಂಟನ್ನು ಬಿಚ್ಚಿದಳು. ರೆಕ್ಕೆ ಕೂಡಿದ ಜಾಗದಲ್ಲಿ ತೆಳ್ಳಗೆ ಹಳದಿ ಗೆರೆಯೊಂದು ಉಳಿದಿತ್ತು. ಕಿಟಕಿಗೆ ಹೋಗಿ ಕಮಾನಿನ ದೀಪವನ್ನು ಪಕ್ಕಕ್ಕೆ ಸರಿಸಿ, ದೇವದೂತೆಯನ್ನು ಗಣಿಯಾಳಿನ ಬದಿಗೆ, ಅದರ ಹಳೆಯ ಜಾಗದಲ್ಲಿ ನಿಲ್ಲಿಸಿದಳು. ಪರದೆಯನ್ನು ಪೂರ್ತಿ ಎಳೆದು ತೆರೆದಳು. ಡ್ರಾಯರಿನಿಂದ ಕಾಗದದ ಪೊಟ್ಟಣ ತೆಗೆದಳು. ಅಂದು ಮಗು ಸುತ್ತಿಟ್ಟ ಎರಡು ಬತ್ತಿ ಅದರಲ್ಲೇ ಇದ್ದವು. ಹೊರಗೆ ಬೀದಿಯಲ್ಲಿ ಯಾರೋ ನಾಲ್ಕಾರು ಜನ ನಗುತ್ತ ಹಾದುಹೋದರು. ಹೈಕೊ ತಲೆ ತಗ್ಗಿಸಿ ತಟ್ಟೆಯನ್ನೇ ನೋಡುತ್ತಿದ್ದ.

ಎಲ್ಫ್ರೀಡ ಕಡ್ಡಿ ಗೀರಿದಳು. “ಲಿಯೆನ್, ಬಾ ಮರಿ. ಇದು ನಿಂದು. ನೀನೇ ಹಚ್ಚು.”

ಹುಡುಗಿ ಅಲ್ಲಾಡಲಿಲ್ಲ.

“ಹೋಗು ಕಂದ,” ಅಂದಳು ಗುಡ್ರುನ್, ಮೆಲ್ಲಗೆ. “ಅಜ್ಜಿ ಕರೀತಿದಾಳೆ.”

“ಬಾ,” ಅಂದಳು ಎಲ್ಫ್ರೀಡ. ಕಡ್ಡಿಯ ಉರಿ ಅವಳ ಬೆರಳಿಗೆ ಹತ್ತಿರವಾಗುತ್ತಿತ್ತು. “ಎದ್ದು ಬಾ.”

ಲಿಯೆನ್ ಬೇಳೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ಚಮಚ ಬಡಿಸಿಕೊಂಡಳು.

“ಏಳಲ್ಲ ಅಜ್ಜಿ,” ಅಂದಳು. “ಊಟ ಮುಗಿಯೋ ತನಕ ಏಳಬಾರದು. ಮುಂದಿನ ವರ್ಷ ನಾನು ಇಲ್ಲಿರ್ಬೇಕು.”